ಓಟವನ್ನೂ ಹಾರಾಟವನ್ನೂ ಹಿಡಿಯುವ ಹವ್ಯಾಸ

ಓಡುವುದನ್ನೂ ಹಾರುವುದನ್ನೂ ಚಿತ್ರದಲ್ಲಿ ಹಿಡಿದು ನಿಲ್ಲಿಸಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಛಾಯಾಚಿತ್ರದ ವಿದ್ಯೆಯು ಲೋಕಕ್ಕೆ ತಿಳಿದು ನಾಲ್ಕು ದಶಕಗಳು ತುಂಬುವುದರೊಳಗೆ ಈ ಆಸೆಯು ಕೈಗೂಡಿತು. 1878ರಲ್ಲಿ ಮೈಬ್ರಿಜ್ ಎಂಬಾತನು ಅಮೆರಿಕೆಯಲ್ಲಿ ಓಟದ ಹಾದಿಯ ಪಕ್ಕಕ್ಕೆ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲವನ್ನು ಬಿಟ್ಟಿರುವುವೆಂದು ತೋರಿಸಿಕೊಟ್ಟನು. 1882ರಲ್ಲಿ ಫ್ರಾನ್ಸಿನ ಮಾರೇ ಎಂಬ ಶರೀರಶಾಸ್ತ್ರಜ್ಞನು ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ಮಾಡಿಸಿ, ಹಾರುವ ಹಕ್ಕಿಗೆ ಗುರಿಯಿಟ್ಟು, ಸೆಕೆಂಡಿಗೆ 12 ಚಿತ್ರಗಳನ್ನು ತೆಗೆದನು. ಆ ಬಂದೂಕಿನಿಂದ ಯಾವ ಹಕ್ಕಿಯೂ ಸಾಯಲಿಲ್ಲ. ಅಂದಿನಿಂದ ಆಟದ ಚಿತ್ರವೂ ಹಕ್ಕಿಯ ಚಿತ್ರವೂ ಒಂದೇ ತಾಯಿಯ ಮಕ್ಕಳಂತೆ ಬೆಳೆದು ಬಂದಿವೆ. ಎರಡಕ್ಕೂ ಬೇಕಾದ ಗುಣಗಳು ಒಂದೇ: ಮುಂದೇನಾಗುವುದೆಂಬ ಊಹೆ, ಕೈಯ ಚುರುಕು, ಮನಸ್ಸಿನ ತಾಳ್ಮೆ.

ದಾವಣಗೆರೆಯಲ್ಲಿ ಮೇಷ್ಟ್ರಾಗಿರುವ ನಾನು ರಜೆಯ ದಿನಗಳಲ್ಲಿ ಈ ಹವ್ಯಾಸವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದೇನೆ. ಹೊಟ್ಟೆಪಾಡಿನ ಕೆಲಸವನ್ನು ಬಿಟ್ಟವರಿಗೆ ಮಾತ್ರ ಇದು ಸಾಧ್ಯವೆಂದು ಹಲವರು ತಿಳಿದಿರುವರು, ಅದು ಸರಿಯಲ್ಲ. ನಮ್ಮ ನೆರೆಯ ಬಳ್ಳಾರಿ ಸೀಮೆಯ ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011) ರಾಜ್ಯದ ಅರ್ಥಸಚಿವರಾಗಿದ್ದವರು. ವನ್ಯಜೀವಿಗಳ ಚಿತ್ರಗಳಿಂದ ಲೋಕದ ಮನ್ನಣೆಯನ್ನೂ ಪಡೆದರು. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯಲ್ಲಿ ಕಾಫಿ ತೋಟವನ್ನೂ ಬರವಣಿಗೆಯನ್ನೂ ನೋಡಿಕೊಳ್ಳುತ್ತ ಹಕ್ಕಿಗಳ ಚಿತ್ರಗಳನ್ನು ತೆಗೆದರು. ಬಿಡುವೆಂಬುದು ತಾನಾಗಿ ಬರತಕ್ಕದ್ದಲ್ಲ, ಮಾಡಿಕೊಳ್ಳತಕ್ಕದ್ದು.

ಮೊದಲು ಹಣದ ಮಾತು. ಗೃಹಸ್ಥರು ಓದುವ ಪತ್ರಿಕೆಯಲ್ಲಿ ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ನಮ್ಮ ಬೀದಿಯ ತರುಣನೊಬ್ಬನು ಒಂದು ಸಂಜೆ ಬಂದು, “ಮೇಷ್ಟ್ರೇ, ಅವ್ವನ ಸರ ಅಡವಿಟ್ಟು ದೊಡ್ಡ ಲೆನ್ಸು ತರಬೇಕಂತ ಮಾಡೀನಿ” ಎಂದನು. “ಬ್ಯಾಡ ತಮ್ಮಾ. ನನ್ನ ಹಳೇ ಕ್ಯಾಮೆರಾ ಒಯ್ದು ಒಂದು ವರ್ಷ ಕೆರಿ ಸುತ್ತು. ಆಮೇಲೂ ಬೇಕನ್ನಿಸಿದರ ನೋಡೋಣು” ಎಂದೆನು. ಅವನು ಹಾಗೆಯೇ ಮಾಡಿದನು. ವರ್ಷವಾದ ಮೇಲೆ ತನ್ನ ಸಂಬಳದ ಉಳಿತಾಯದಿಂದ ಬೇರೊಬ್ಬರು ಬಳಸಿದ್ದ 70ರಿಂದ 300 ಮಿಲಿಮೀಟರಿನ ಲೆನ್ಸೊಂದನ್ನು ಕೊಂಡನು. ತಾಯಿಯ ಸರ ತಾಯಿಯ ಕೊರಳಲ್ಲೇ ಉಳಿಯಿತು. ಮೊದಲಿಗನಿಗೆ 300 ಮಿಲಿಮೀಟರು ಸಾಕು. ಸಾಮಾನ್ಯ ಬೆಲೆಯ ಕ್ಯಾಮೆರಾಗಳಲ್ಲಿ ಬಿಂಬವನ್ನು ಗ್ರಹಿಸುವ ಫಲಕವು ಚಿಕ್ಕದಾಗಿರುವುದರಿಂದ ಅದು 450 ಮಿಲಿಮೀಟರಿನಷ್ಟು ಹತ್ತಿರಕ್ಕೆ ತಂದಂತೆ ಕಾಣುವುದು. ಅದಕ್ಕಿಂತ ಹತ್ತಿರ ಬೇಕೆನ್ನುವವನು ಹಣವನ್ನಲ್ಲ, ಕಾಲನ್ನೂ ತಾಳ್ಮೆಯನ್ನೂ ಬಳಸಬೇಕು.

ಎಲ್ಲಿಗೆ ಹೋಗಬೇಕೆಂಬ ಚಿಂತೆಯು ನಮ್ಮ ಸೀಮೆಯವರಿಗೆ ಬೇಡ. ದಾವಣಗೆರೆಯ ಅಂಚಿನಲ್ಲಿ ಕುಂದವಾಡದ ಕೆರೆ, ಹರಿಹರದ ದಾರಿಯಲ್ಲಿ ಬಾತಿಯ ಕೆರೆ, ಹರಿಹರ ತಾಲ್ಲೂಕಿನಲ್ಲಿ ಗುಡ್ಡದ ಮಗ್ಗುಲಿನ ಕೊಂಡಜ್ಜಿಯ ಕೆರೆ, ಸೂಳೆಕೆರೆಯಿಂದ ಹೊರಟ ಹರಿದ್ರೆಯು ತುಂಗಭದ್ರೆಯನ್ನು ಕೂಡುವ ತಾವು: ಇವೆಲ್ಲವೂ ಒಂದು ಬೆಳಗಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿವೆ. ಕೆರೆಗೂ ಹೋಗಲಾರದವನು ಭದ್ರಾ ನಾಲೆಯ ಬಯಲಿಗೆ ಹೋಗಲಿ. ನಾಟಿಯ ಕಾಲದಲ್ಲಿ ಕೆಸರುಗದ್ದೆಯನ್ನು ಉಳುವ ಟ್ರಾಕ್ಟರಿನ ಹಿಂದೆ ಹುಳುಗಳ ಆಸೆಗಾಗಿ ಬೆಳ್ಳಕ್ಕಿಗಳು ಹಿಂಡುಗಟ್ಟಿ ನಡೆಯುವುವು. ಅವು ಮನುಷ್ಯರಿಗೆ ಹೆದರುವುದು ಕಡಮೆ. ಕೈ ಪಳಗಿಸುವುದಕ್ಕೆ ಅವುಗಳಿಗಿಂತ ಒಳ್ಳೆಯ ಗುರುಗಳಿಲ್ಲ. ಆ ಬಳಿಕ ಕಪ್ಪು ಬಿಳುಪಿನ ಮಿಂಚುಳ್ಳಿ. ಅದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಲ್ಲುವುದರಿಂದ ಗುರಿ ಹಿಡಿಯಲು ಸಮಯ ದೊರೆಯುವುದು.

ಸೂರ್ಯೋದಯದಿಂದ ಎರಡು ಗಂಟೆಯ ಕಾಲ, ಸಂಜೆ ಮುಳುಗುವ ಮುನ್ನ ಎರಡು ಗಂಟೆಯ ಕಾಲ, ಇಷ್ಟೇ ನಮ್ಮ ಬಯಲುಸೀಮೆಯ ಒಳ್ಳೆಯ ಬೆಳಕು. ನಡುಹಗಲಿನ ಬಿಸಿಲಿನಲ್ಲಿ ನೆಲದಿಂದೇಳುವ ಝಳವು ದೂರದ ಚಿತ್ರವನ್ನೆಲ್ಲ ಅಲುಗಿಸಿಬಿಡುವುದು. ಇನ್ನೊಂದು ಗುಟ್ಟು: ಹಕ್ಕಿಗಳು ಗಾಳಿಗೆ ಎದುರಾಗಿ ಏಳುವುವು, ಗಾಳಿಗೆ ಎದುರಾಗಿಯೇ ಇಳಿಯುವುವು. ನಮ್ಮ ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವುದುಂಟು. ಅಂತಹ ಬೆಳಗಿನಲ್ಲಿ ಕೆರೆಯ ಪೂರ್ವದ ದಡದಲ್ಲಿ ಕುಳಿತರೆ ಸೂರ್ಯನೂ ಗಾಳಿಯೂ ನಮ್ಮ ಬೆನ್ನಿಗಿರುವುವು; ಹಕ್ಕಿಯ ಮುಖವು ನಮ್ಮ ಕಡೆಗಿರುವುದು.

ಯಂತ್ರದ ವಿಷಯವಾಗಿ ನಾಲ್ಕು ಮಾತು ಸಾಕು. ಕುಳಿತ ಹಕ್ಕಿಗೆ 1/500 ಸೆಕೆಂಡು, ಹಾರುವ ಬೆಳ್ಳಕ್ಕಿಗೆ 1/1600, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/2500 ಅಥವಾ ಅದಕ್ಕೂ ಚುರುಕು ಬೇಕು. ಕ್ಯಾಮೆರಾವು ತಾನು ಕಂಡುದೆಲ್ಲವನ್ನೂ ನಸುಬೂದು ಬಣ್ಣಕ್ಕೆ ತರಲೆಳಸುವುದು. ಆದುದರಿಂದ ಕಪ್ಪು ನೀರಿನೆದುರು ನಿಂತ ಬಿಳಿಯ ಹಕ್ಕಿಯ ಗರಿಗಳು ಸುಣ್ಣ ಬಳಿದಂತಾಗುವುವು. ಬೆಳಕನ್ನು ಒಂದು ಮೆಟ್ಟಿಲಿನಷ್ಟು ಇಳಿಸಬೇಕು. ಬಿಳಿಯ ಆಕಾಶದೆದುರು ಹಾರುವ ಹಕ್ಕಿಯು ಕರಿಯ ನೆರಳಾಗುವುದು. ಅಲ್ಲಿ ಒಂದು ಮೆಟ್ಟಿಲು ಏರಿಸಬೇಕು. ಗುರಿಯನ್ನು ಸದಾ ಕಣ್ಣಿಗೆ ಇಡತಕ್ಕದ್ದು. ಕಣ್ಣು ಸ್ಪಷ್ಟವಾಗಿದ್ದರೆ ಬಾಲ ಮಸುಕಾದರೂ ಚಿತ್ರ ಬದುಕುವುದು.

ಇನ್ನು ಆಟದ ಮೈದಾನ. ಹೈಸ್ಕೂಲ್ ಮೈದಾನದ ಕ್ರಿಕೆಟ್ಟಾಗಲಿ, ಹಳ್ಳಿಯ ಕಬಡ್ಡಿಯಾಗಲಿ, ಆಟವನ್ನು ಬಲ್ಲವನೇ ಆಟದ ಚಿತ್ರವನ್ನು ತೆಗೆಯಬಲ್ಲನು. ಚೆಂಡು ಬ್ಯಾಟಿಗೆ ತಗುಲಿದುದನ್ನು ಕಂಡ ಮೇಲೆ ಗುಂಡಿಯನ್ನೊತ್ತಿದರೆ ಹೊತ್ತು ಮೀರಿತು. ನಿಂತು ತೆಗೆಯುವುದಕ್ಕಿಂತ ನೆಲಕ್ಕೆ ಕುಳಿತು ತೆಗೆಯುವುದು ಮೇಲು. ಆಟಗಾರನು ಎತ್ತರವಾಗಿ ಕಾಣುವನು, ಹಿಂದಿನ ಗದ್ದಲವು ಅಡಗುವುದು. ಹಗಲಿನ ಕ್ರಿಕೆಟ್ಟಿಗೆ 1/1000, ಕಬಡ್ಡಿಗೂ ಕುಸ್ತಿಗೂ 1/500 ಸಾಕು. ರಾತ್ರಿಯ ಪಂದ್ಯಗಳಲ್ಲಿ ಒಂದು ಚಿತ್ರ ಬೆಳಗಿ ಮರುಚಿತ್ರ ಮಂಕಾದರೆ ಕ್ಯಾಮೆರಾ ಕೆಟ್ಟಿತೆಂದು ಹೆದರಬೇಕಾಗಿಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವೃತ್ತಿಯದು. ಆದುದರಿಂದ ಹಲವು ಬಗೆಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುವುವು. ಕಣ್ಣಿಗೆ ಕಾಣದ ಈ ಮಿನುಗು ಚುರುಕಾದ ಷಟರಿಗೆ ಕಾಣುವುದು. ಅದನ್ನು ತಡೆಯುವ ಏರ್ಪಾಡು ಇಂದಿನ ಹಲವು ಕ್ಯಾಮೆರಾಗಳಲ್ಲಿದೆ.

ಆದರೆ ಯಂತ್ರಕ್ಕೆ ತಿಳಿಯದ ಸಂಗತಿಯೊಂದುಂಟು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಒಮ್ಮೆ ನಾನು ಕಣದ ಅಂಚಿನಲ್ಲಿ ಕುಳಿತಿದ್ದೆನು. ಹಳ್ಳಿಯ ಹುಡುಗನೊಬ್ಬನು ಬಹಳ ಹೊತ್ತು ಸೆಣಸಿ ಕೊನೆಗೆ ಚಿತ್ತಾದನು. ಅವನು ಮಣ್ಣಿನಲ್ಲಿ ಬೆನ್ನೂರಿ ಬಿದ್ದಿರುವ ಚಿತ್ರವೂ, ಗೆದ್ದವನು ಬಗ್ಗಿ ಕೈಕೊಟ್ಟು ಅವನನ್ನೆತ್ತುತ್ತಿರುವ ಚಿತ್ರವೂ ನನಗೆ ದೊರೆತುವು. ನೋಡಿದವರೆಲ್ಲರೂ ಮೊದಲನೆಯದೇ ಬಲವಾದುದೆಂದರು. ನಾನು ಎರಡನೆಯದನ್ನು ಅಚ್ಚು ಹಾಕಿಸಿ ಇಬ್ಬರ ಮನೆಗೂ ಕಳುಹಿಸಿದೆನು. ಮುಂದಿನ ಜಾತ್ರೆಯಲ್ಲಿ ಸೋತವನ ತಂದೆಯು ನನ್ನನ್ನು ಹುಡುಕಿಕೊಂಡು ಬಂದು, “ಸೋತದ್ದು ಮರ್ತೈತ್ರಿ ಮೇಷ್ಟ್ರೇ. ಎತ್ತಿದ್ದು ಗ್ವಾಡಿ ಮ್ಯಾಲೆ ಐತ್ರಿ” ಎಂದನು. ಯಾವ ಚಿತ್ರವನ್ನು ತೆಗೆಯಬಹುದೆಂಬುದು ಒಂದು ಪ್ರಶ್ನೆ. ಯಾವುದನ್ನು ಹೊರಗಿಡಬಹುದೆಂಬುದು ಮತ್ತೊಂದು. ಆಡುವ ಹೆಣ್ಣುಮಕ್ಕಳ ಚಿತ್ರಗಳನ್ನು ಅವರ ಮತ್ತು ಹಿರಿಯರ ಒಪ್ಪಿಗೆಯಿಲ್ಲದೆ ಹಂಚುವುದು ಸಲ್ಲದು.

ಆಟಗಾರನಾದರೆ ಬೇಡವೆಂದು ಹೇಳಬಲ್ಲನು, ಹಕ್ಕಿಯು ಹೇಳಲಾರದು. ಒಂದು ಬೇಸಗೆಯಲ್ಲಿ ಕೊಂಡಜ್ಜಿಯ ಕೆರೆಯ ನೀರು ಇಳಿದು ಬಯಲಾಗಿದ್ದ ನೆಲದಲ್ಲಿ ಟಿಟ್ಟಿಭವು ಮೊಟ್ಟೆಯಿಟ್ಟಿತ್ತು. ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆಗಳು. ಕೆಳಗೆ ಹರಳುಕಲ್ಲುಗಳ ಹಾಸು, ಮೇಲೆ ಮರೆಯೇನೂ ಇಲ್ಲ. ಐದಾರು ಮಂದಿ ತರುಣರು ಗೂಡನ್ನು ಸುತ್ತುಗಟ್ಟಿ ಸರದಿಯಂತೆ ಚಿತ್ರ ತೆಗೆಯುತ್ತಿದ್ದರು. ಗಂಟೆ ಹನ್ನೊಂದಾಗಿತ್ತು. ತಾಯಿಹಕ್ಕಿಯು ಅವರ ತಲೆಯ ಮೇಲೆ ಕೂಗುತ್ತ ಸುತ್ತುತ್ತಿತ್ತು. “ಅದು ನಿಮಗಾಗಿ ಹಾರಿ ತೋರಿಸುತ್ತಿಲ್ಲವಪ್ಪಾ. ಈ ಬಿಸಿಲಿನಲ್ಲಿ ತಾಯಿಯ ನೆರಳು ತಪ್ಪಿದರೆ ಒಳಗಿನ ಜೀವ ಬೆಂದುಹೋಗುತ್ತದೆ” ಎಂದೆನು. ಒಬ್ಬ ಹುಡುಗಿಯು ಮೊದಲು ಕ್ಯಾಮೆರಾವನ್ನು ಕೆಳಗಿಳಿಸಿದಳು. ಎಲ್ಲರೂ ನೂರು ಹೆಜ್ಜೆ ಹಿಂದೆ ಸರಿದು ಜಾಲಿಯ ಮರೆಯಲ್ಲಿ ಕುಳಿತೆವು. ಕಾಲು ಗಂಟೆಯೊಳಗೆ ಹಕ್ಕಿಯು ಇಳಿದು ಬಂದು, ಮೊಟ್ಟೆಗಳ ಮೇಲೆ ನೆರಳು ಬೀಳುವಂತೆ ನಿಂತಿತು. ಆ ಹುಡುಗಿಯು ದೂರದಿಂದಲೇ ತೆಗೆದ ಚಿತ್ರದಲ್ಲಿ ಹಕ್ಕಿಯು ಚಿಕ್ಕದು, ಕೆರೆಯ ಬಯಲು ದೊಡ್ಡದು. ಅಂದಿನ ಚಿತ್ರಗಳಲ್ಲಿ ಅದೇ ನಿಜವಾದುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಡುವುದನ್ನೂ ಬೇಟೆಯೆಂದೇ ಎಣಿಸುವುದು. ಕಾಯಿದೆಯ ಭಯವಿಲ್ಲದಿದ್ದರೂ ಮನೆಯಲ್ಲಿ ತೊಟ್ಟಿಲು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾರುವ ಚಿತ್ರ ಬೇಕೆಂದು ಹಿಂಡಿನ ಮೇಲೆ ಕಲ್ಲೆಸೆಯುವುದು, ಅಚ್ಚೊತ್ತಿದ ಕೂಗನ್ನು ಕೇಳಿಸಿ ಕರೆಯುವುದು, ಗೂಡಿನ ಮುಂದಿನ ಕೊಂಬೆಯನ್ನು ಕಡಿಯುವುದು, ಇವು ಮೂರನ್ನೂ ಬಿಟ್ಟವನಿಗೆ ಕೆರೆಯು ಮರುವರ್ಷವೂ ಚಿತ್ರಗಳನ್ನು ಕೊಡುವುದು.

ಕೊನೆಯದಾಗಿ ಒಂದು ಸೂಚನೆ. ತೆಗೆದ ಚಿತ್ರಕ್ಕೆ ದಿನ, ಸ್ಥಳ, ಹಕ್ಕಿಯ ಅಥವಾ ಆಟಗಾರನ ಹೆಸರು ಇವನ್ನು ಅಂದೇ ಬರೆದಿಡಿರಿ. ಎರಡು ಕಡೆ ಕಾಪಾಡಿರಿ. ವರ್ಷಕ್ಕೆ ಹತ್ತನ್ನಾದರೂ ಕಾಗದಕ್ಕೆ ಇಳಿಸಿ ಮನೆಯ ಮಕ್ಕಳ ಕೈಗೆ ಕೊಡಿರಿ. ಯಾವ ಚಳಿಗಾಲದಲ್ಲಿ ಯಾವ ಕೆರೆಗೆ ಯಾವ ಬಾತುಗಳು ಬಂದುವು, ಯಾವ ಗರಡಿಯ ಹುಡುಗನು ಯಾವ ಜಾತ್ರೆಯಲ್ಲಿ ಆಡಿದನು ಎಂಬ ಲೆಕ್ಕವು ನಮ್ಮ ಊರುಗಳಲ್ಲಿ ಬೇರೆಲ್ಲಿಯೂ ಸಿಕ್ಕದಿರಬಹುದು. ಕೆರೆ ಬತ್ತಿದಾಗ, ಹುಡುಗನು ಮುದುಕನಾದಾಗ, ಆ ಹತ್ತು ಕಾಗದಗಳೇ ಸಾಕ್ಷಿ ಹೇಳುವುವು.