ಇನ್ನೂರು ಟೇಲ್ ಬೆಳ್ಳಿ

ನಾನು ಬಾಲ್ಯದಲ್ಲಿ ಓದಿದ ಚರಿತ್ರೆಯ ಪುಸ್ತಕಗಳಲ್ಲಿ ಪಾಶ್ಚಾತ್ಯರ ಹಡಗೊಂದು ಪೂರ್ವದ ಕಡಲಿಗೆ ಬಂದಿತೆಂದರೆ ಸಾಕು, ಮುಂದಿನ ಪುಟದಲ್ಲಿ ಅವರ ಕೋಟೆ ಎದ್ದು ನಿಂತಿರುತ್ತಿತ್ತು. ನಡುವೆ ನಡೆದುದೇನೆಂದು ಕೇಳಿದರೆ, ‘ಅವರಲ್ಲಿ ಫಿರಂಗಿಗಳಿದ್ದುವು’ ಎಂಬ ಒಂದೇ ವಾಕ್ಯದಲ್ಲಿ ಉತ್ತರ ಮುಗಿಯುತ್ತಿತ್ತು. ಆದುದರಿಂದ 1633ರ ಲಿಯಾವೊಲುವೊ ಕೊಲ್ಲಿಯ ಕದನವನ್ನು ಕುರಿತು ಮೊದಲ ಸಲ ಓದಿದಾಗ, ನಮ್ಮ ಮನೆಯ ಹುಡುಗನೇ ಗೆದ್ದು ಬಂದನೋ ಎಂಬಂತೆ ಹಿಗ್ಗಿದೆ. ಎರಡನೆಯ ಓದಿಗೆ ಆ ಹಿಗ್ಗು ಪೂರ್ತಿಯಾಗಿ ಉಳಿಯಲಿಲ್ಲ.

ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಗೆ ಚೀನದ ರೇಷ್ಮೆ ಬೇಕಾಗಿತ್ತು. ಮಿಂಗ್ ಆಸ್ಥಾನಕ್ಕೆ ಅವರು ತನ್ನ ದಡದಲ್ಲಿ ಕಾಲೂರುವುದು ಬೇಕಿರಲಿಲ್ಲ. ನಡುವೆ ಇದ್ದವನು ಝೆಂಗ್ ಝಿಲೊಂಗ್. ಒಮ್ಮೆ ಡಚ್ಚರಿಗೇ ದುಭಾಷಿಯಾಗಿದ್ದವನು, ಬಳಿಕ ಕಡಲುಗಳ್ಳರ ನಾಯಕ, 1628ರಲ್ಲಿ ಮಿಂಗ್ ಸರಕಾರದ ನೌಕಾಧಿಕಾರಿ! ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಬುದ್ಧಿವಂತಿಕೆ ನಮ್ಮ ದೇಶದ ಅರಸರಿಗೂ ಅಪರಿಚಿತವಲ್ಲ.

ಝೆಂಗ್ ಸುಮಾರು 30 ದೊಡ್ಡ ಯುದ್ಧನೌಕೆಗಳನ್ನು ಯೂರೋಪಿನ ಮಾದರಿಯಲ್ಲಿ ಕಟ್ಟಿಸಿದನು. ಇಂಥ ನೌಕಾಬಲವನ್ನು ಈ ನಾಡು ಕಂಡಿರಲಿಲ್ಲವೆಂದು ತೈವಾನಿನ ಡಚ್ ಗವರ್ನರ್ ಹಾನ್ಸ್ ಪುಟ್‌ಮನ್ಸ್ ತಾನೇ ಮೆಚ್ಚಿ ಬರೆದಿದ್ದಾನೆ. ಮೆಚ್ಚಿದವನು ಮಾಡಿದುದೇನು? ಅದೇ ಜುಲೈ ತಿಂಗಳಲ್ಲಿ, ಮುನ್ಸೂಚನೆಯಿಲ್ಲದೆ, ಷಿಯಾಮೆನ್ ಬಂದರಿನಲ್ಲಿ ನಿಂತಿದ್ದ ಆ ನೌಕೆಗಳನ್ನು ನಾಶಮಾಡಿದನು. ಮಲಗಿದ್ದ ಪಾಂಡವರ ಪಾಳೆಯಕ್ಕೆ ನುಗ್ಗಿದ ಅಶ್ವತ್ಥಾಮನ ನೆನಪಾಗದೆ ಇದನ್ನು ಓದುವುದು ನನಗೆ ಅಸಾಧ್ಯ.

ಝೆಂಗ್ ಮತ್ತೆ ಅಂಥ ನೌಕೆಗಳನ್ನು ಕಟ್ಟಿಸಲು ಹೋಗಲಿಲ್ಲ. ಅಕ್ಟೋಬರ್ 22ರ ಬೆಳಗ್ಗೆ, ಜಿನ್‌ಮೆನ್ ದ್ವೀಪದ ದಕ್ಷಿಣದ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಎಂಟೊಂಬತ್ತು ಡಚ್ ಹಡಗುಗಳ ಮೇಲೆ, ಅವುಗಳ ಮಿತ್ರರಾದ ಕಡಲುಗಳ್ಳರ ನಾವೆಗಳ ಮೇಲೆ, ಸುಮಾರು 150 ಚೀನೀ ನಾವೆಗಳು ಗಾಳಿಯ ಬೆಂಬಲದಿಂದ ಬಂದುವು. ದೊಡ್ಡವು ಫಿರಂಗಿಯಿಂದ ಕಾದುವುವು, ಚಿಕ್ಕವು ಮಾತ್ರ ಬೆಂಕಿಹಡಗುಗಳು ಎಂದು ಡಚ್ಚರ ಎಣಿಕೆ. ದೊಡ್ಡವೂ ಉರಿಯುವುದಕ್ಕೇ ಬಂದಿದ್ದುವು! ಬ್ರೌವರ್ಸ್‌ಹಾವನ್ ಎಂಬ ಹಡಗಿಗೆ ಉರಿಯುವ ನಾವೆಗಳು ಅಂಟಿಕೊಂಡುವು, ಅದು ಸುಟ್ಟುಹೋಯಿತು. ಸ್ಲೋಟರ್‌ಡೈಕ್ ಹಡಗನ್ನು ಚೀನೀಯರು ಹತ್ತಿ ವಶಪಡಿಸಿಕೊಂಡರು. ಪುಟ್‌ಮನ್ಸ್ ಉಳಿದ ಹಡಗುಗಳೊಡನೆ ಬಹು ಕಷ್ಟದಿಂದ ತಪ್ಪಿಸಿಕೊಂಡನು.

ವಿಚಿತ್ರವೆಂದರೆ, ಸೋತ ಮೇಲೆಯೇ ಡಚ್ಚರಿಗೆ ಬೇಕಾದ ವ್ಯಾಪಾರ ಕುದುರಿತು. ಝೆಂಗ್‌ನ ಕೃಪೆಯಿಂದ ರೇಷ್ಮೆ, ಪಿಂಗಾಣಿ ತೈವಾನಿಗೇ ಬರತೊಡಗಿದುವು. ಪುಟ್‌ಮನ್ಸ್ 1636ರವರೆಗೂ ಗವರ್ನರನಾಗಿಯೇ ಇದ್ದನು. ಡಚ್ಚರನ್ನು ಆ ದ್ವೀಪದ ಕೋಟೆಯಿಂದ ಹೊರಡಿಸಲು ಝೆಂಗ್‌ನ ಮಗ ಚೆಂಗ್‌ಗೊಂಗ್ ಬರಬೇಕಾಯಿತು; ಅದು 1662ರ ಮಾತು.

ಒಂದು ರಾತ್ರಿ ಊಟವಾದ ಮೇಲೆ ಇದನ್ನೆಲ್ಲ ಮನೆಯಾಕೆಗೆ ಉತ್ಸಾಹದಿಂದ ಹೇಳುತ್ತಿದ್ದೆ. ಒಂದೊಂದು ಬೆಂಕಿಹಡಗಿಗೆ 16 ಮಂದಿ. ಶತ್ರುವಿನ ಹಡಗನ್ನು ಸುಟ್ಟರೆ ಅವರಿಗೆ 200 ಟೇಲ್ ಬೆಳ್ಳಿ ಬಹುಮಾನವೆಂದು ಝೆಂಗ್ ಸಾರಿದ್ದನು. ಒಂದು ಟೇಲ್ ಎಂದರೆ ನಮ್ಮ ಮೂರು ತೊಲಕ್ಕಿಂತ ತುಸು ಹೆಚ್ಚು. ಹಡಗಿಗೆ ಹಡಗು ಕೊಂಡಿ ಹಾಕಿ, ಕಿಚ್ಚಿಟ್ಟು, ನೀರಿಗೆ ಹಾರಬೇಕು.

ಅವಳು ಎಲೆ ಅಡಿಕೆಯ ತಟ್ಟೆಯನ್ನು ಬದಿಗಿಟ್ಟು ಬೆರಳೆಣಿಸಿದಳು. “ತಲೆಗೆ ಹನ್ನೆರಡೂವರೆ,” ಎಂದಳು.

“ಹೌದು.”

“ಹದಿನಾರು ಮಂದಿಯೂ ಈಜಿ ದಡ ಸೇರಿದರೆ, ಅಲ್ಲವೇ? ಮಂದಿ ಕಡಮೆಯಾದಷ್ಟೂ ಉಳಿದವರಿಗೆ ಪಾಲು ಹೆಚ್ಚಾಗುತ್ತದೆ.”

ನಾನು ಪುಸ್ತಕವನ್ನು ಮುಚ್ಚಿ, ದೀಪ ಆರಿಸಲು ಎದ್ದೆ.