ಬೈನಾದ ಲೆಫ್ಟ್ ಹಾಫ್

ತಂಗಿಯ ಮೊಮ್ಮಗ ಮಡಗಾಂವಿನಲ್ಲಿ ಕಾಲೇಜು ಓದುತ್ತಾನೆ. ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತನೆಂದರೆ ಒಂದು ಹಾಕಿ ತಂಡವನ್ನೇ ನಡೆಸುತ್ತಾನೆ. ನಮ್ಮ ಹಾಕಿಯಲ್ಲ, ಐಸ್ ಹಾಕಿ. ಫಿನ್ಲೆಂಡಿನ ರಿಸ್ಟೊ ರೆಮೆಸ್ ಎಂಬುವರು ಶುರು ಮಾಡಿದ ಈಸ್ಟ್‌ಸೈಡ್ ಹಾಕಿ ಮ್ಯಾನೇಜರ್ ಅಂತ ಆ ಆಟದ ಹೆಸರು. ಪಾಸಿಗೆ ಇಷ್ಟು, ಹೊಡೆತಕ್ಕೆ ಇಷ್ಟು, ಧೈರ್ಯಕ್ಕೆ ಇಷ್ಟು ಎಂದು ಪ್ರತಿ ಆಟಗಾರನಿಗೂ 1ರಿಂದ 20ರವರೆಗೆ ಅಂಕ ಇರುತ್ತದೆ. ಆ ಅಂಕಗಳನ್ನೆಲ್ಲ ಲೆಕ್ಕ ಹಾಕಿ, ನಡುವೆ ಒಂದಿಷ್ಟು ಅದೃಷ್ಟವನ್ನೂ ಬೆರೆಸಿ ಕಂಪ್ಯೂಟರೇ ಪಂದ್ಯ ಆಡಿಸುತ್ತದೆ. ಹದಿನೇಳರ ಹುಡುಗನೊಬ್ಬನನ್ನು ಕರೆತಂದು, ತಕ್ಕ ತರಬೇತಿ ಕೊಟ್ಟು, ಆಡಲು ಬಿಟ್ಟರೆ ಅವನ ಅಂಕ ಏರುತ್ತದೆ. ಬೆಂಚಿನ ಮೇಲೆ ಕೂರಿಸಿದರೆ ಅಲ್ಲೇ ಕುಂಟುತ್ತದೆ. ವಯಸ್ಸಾದಂತೆ ಇಳಿಯುತ್ತದೆ. ಯಾವ ಹುಡುಗ ಯಾವ ವರ್ಷ ಎಷ್ಟು ಗೋಲು ಹೊಡೆದ, ಯಾವಾಗ ಗಾಯವಾಯಿತು, ಎಲ್ಲವೂ ಬರೆದಿಟ್ಟದ್ದು ಇರುತ್ತದೆ. ಹುಟ್ಟದೇ ಇದ್ದ ಹುಡುಗರಿಗೂ ಅಷ್ಟು ದೊಡ್ಡ ಕಡತ.

ಮೊನ್ನೆ ಅವನು ಕೇಳಿದ: "ಅಜ್ಜಾ, ನಿಮ್ಮ ಕಾಲದಾಗ ವಾಸ್ಕೋದಾಗ ಹಾಕಿ ಆಡತಿದ್ರಲ್ಲ, ಅವರ ರೆಕಾರ್ಡ್ ಎಲ್ಲಿ ಸಿಗತದ?"

ಎಲ್ಲಿಯೂ ಸಿಗುವುದಿಲ್ಲ. ಇದ್ದ ಒಂದೇ ಕಡತ ನಮಗೆ ಹಾಕಿ ಕಲಿಸಿದ ಮಾಸ್ತರ ತಲೆ. ಅವರು ಹೋಗಿ ಬಹಳ ಕಾಲವಾಯಿತು. ಈಗ ಉಳಿದಿರುವುದು ನನ್ನ ನೆನಪು ಮತ್ತು ನನ್ನಂಥ ಇನ್ನೊಂದಿಬ್ಬರ ನೆನಪು.

ಹುಬ್ಬಳ್ಳಿ ಕಡೆಯಿಂದ ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ ದಾಟಿ ಬರುತ್ತಿದ್ದ ಮೀಟರ್‌ಗೇಜ್ ಹಳಿ ಮುರ್ಮುಗಾಂವ್ ಬಂದರಿಗೆ ಬಂದು ನಿಲ್ಲುತ್ತಿತ್ತು. ನಾವೆಲ್ಲ ಆ ಹಳಿಯ ಮೇಲೆಯೇ ಬಂದವರು. ಕೆಲವರು ರೈಲ್ವೆಗೆ, ಕೆಲವರು ಹಡಗಿಗೆ ಅದಿರು ತುಂಬಲು, ಕೆಲವರು ರಸ್ತೆ ಕೆಲಸಕ್ಕೆ. ಗದಗ, ಬಾಗಲಕೋಟೆ, ವಿಜಾಪುರದ ಮಾತು ವಾಸ್ಕೋದ ಬೈನಾ ಓಣಿಗಳಲ್ಲಿ ಕೊಂಕಣಿಗಿಂತ ಜೋರಾಗಿ ಕೇಳುತ್ತಿತ್ತು. ನಮ್ಮ ಮೈದಾನ ಹಳಿಯ ಪಕ್ಕದ ಒಂದು ಕೆಂಪು ಬಯಲು. ಮಳೆಗಾಲ ಮುಗಿದ ಮೇಲೆ ಹುಲ್ಲು ಕಿತ್ತು, ಕಲ್ಲು ಆರಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದೆವು. ಅದಿರಿನ ಲಾರಿಗಳ ಧೂಳು ಸಂಜೆಯೊಳಗೆ ಆ ಗೆರೆಯನ್ನೂ ಕೆಂಪು ಮಾಡುತ್ತಿತ್ತು.

ಗೋವಾ ಎಂದರೆ ಫುಟ್‌ಬಾಲ್. ಸಾಳಗಾಂವಕರ, ಡೆಂಪೊ ಮನೆತನಗಳ ಗಣಿಯ ದುಡ್ಡು ಫುಟ್‌ಬಾಲಿಗೆ ಹರಿಯಿತು, ಊರಿಗೆ ಊರೇ ಆ ಕಡೆ ಓಡಿತು. ಹಾಕಿಗೆ ಗೋವಾ ಕೊಟ್ಟದ್ದೇನೂ ಕಡಿಮೆಯಲ್ಲ. 1948ರಲ್ಲಿ ಲಂಡನ್ನಿನಲ್ಲಿ ಬ್ರಿಟನ್ನನ್ನೇ 4-0ರಿಂದ ಸೋಲಿಸಿ ಚಿನ್ನ ತಂದ ತಂಡದಲ್ಲಿ ಲಿಯೋ ಪಿಂಟೊ, ವಾಲ್ಟರ್ ಡಿಸೋಜ, ಲಾರಿ ಫರ್ನಾಂಡಿಸ್, ಮ್ಯಾಕ್ಸಿ ವಾಜ್ ಇದ್ದರು. ಎಲ್ಲರೂ ಗೋವಾ ಮೂಲದವರು. ಆದರೆ ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಗೋವಾದವರ ಹಾಕಿ ಬೆಳೆದದ್ದು ಬೊಂಬಾಯಿಯ ಲುಸಿಟೇನಿಯನ್ಸ್‌ನಂಥ ಕ್ಲಬ್ಬುಗಳಲ್ಲಿ, ಮತ್ತೆ ಸಮುದ್ರದಾಚೆ ನೈರೋಬಿಯಲ್ಲಿ. ಹಿಲರಿ ಫರ್ನಾಂಡಿಸ್, ಆಲು ಮೆಂಡೋನ್ಸಾ ಕೀನ್ಯಾದ ಅಂಗಿ ತೊಟ್ಟು ಒಲಿಂಪಿಕ್ಸ್ ಆಡಿದರು. 1971ರ ಮೊದಲ ವಿಶ್ವಕಪ್‌ನಲ್ಲಿ ಕೀನ್ಯಾ ನಾಲ್ಕನೆಯದಾಗಿ ಬಂತು. ಇಲ್ಲಿಯ ಮಣ್ಣಿನವರು, ಇಲ್ಲಿಯ ಮಣ್ಣಿನಲ್ಲಿ ಆಡದೆ ದೊಡ್ಡವರಾದರು.

ಮಾಸ್ತರು ಶಾಲೆಯ ಮಾಸ್ತರಲ್ಲ. ಲೋಕೋ ಶೆಡ್‌ನಲ್ಲಿ ಫಿಟ್ಟರ್. ಬೆಳಗಾವಿ ಕ್ಯಾಂಪಿನಲ್ಲಿ ಬೆಳೆದವರು, ಮಿಲಿಟರಿಯವರ ಆಟ ನೋಡಿ ನೋಡಿ ಕಲಿತವರು. ಮರಾಠಾ ರೆಜಿಮೆಂಟಿನ ಶಂಕರ ಲಕ್ಷ್ಮಣ್ ಅವರ ದೇವರು. 1956, 1960, 1964, ಮೂರು ಒಲಿಂಪಿಕ್ಸ್ ಫೈನಲ್‌ಗಳಲ್ಲಿ ಆ ಗೋಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು ಎಂದು ಅವರು ನಮಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಅದೇ ತಂಡದಲ್ಲಿ ಟೋಕಿಯೋ ಚಿನ್ನ ಗೆದ್ದ ಬೆಳಗಾವಿಯ ಬಂಡು ಪಾಟೀಲರ ಮಾತು ಬಂದರಂತೂ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಅವರ ಕೋಣೆಗೆ ಕಾಲಿಟ್ಟರೆ ಅಗಸೆ ಎಣ್ಣೆಯ ವಾಸನೆ. ಗೋಡೆಗೆ ಒರಗಿಸಿದ ಸ್ಟಿಕ್‌ಗಳು, ನೆಲದ ಮೇಲೆ ಶೆಡ್ಡಿನಿಂದ ತಂದ ಹತ್ತಿಯ ಜಬ್ಬು, ತವರದ ಡಬ್ಬಿಯಲ್ಲಿ ಎಣ್ಣೆ. ಹಿಪ್ಪುನೇರಳೆ ಮರದ ಸ್ಟಿಕ್ ಗೋವಾದ ಗಾಳಿಯಲ್ಲಿ ಮಳೆಗಾಲಕ್ಕೆ ನೀರು ಹೀರಿ ಉಬ್ಬುತ್ತದೆ, ಬೇಸಗೆಗೆ ಒಣಗಿ ಸೀಳುತ್ತದೆ. ಅದಕ್ಕೇ ಎಣ್ಣೆ ತೀಡಬೇಕು, ಅಂಗೈ ಬಿಸಿಯಾಗುವವರೆಗೆ ತೀಡಬೇಕು, ರಾತ್ರಿಯಿಡೀ ಬಿಟ್ಟು ಮರುದಿನ ಒರೆಸಬೇಕು. ಸೀಳಿದ್ದಕ್ಕೆ ಸರೇಸು ಹಚ್ಚಿ ದಾರ ಸುತ್ತುವ ಅವರ ಕೈ ನೋಡಬೇಕಿತ್ತು. ಎಡಗೈ ಹೆಬ್ಬೆರಳಲ್ಲಿ ದಾರ ಬಿಗಿಹಿಡಿದು, ಸ್ಟಿಕ್ಕನ್ನೇ ತಿರುಗಿಸುತ್ತ ಹೋಗುವರು. ದಾರದ ಒಂದು ಸುತ್ತು ಇನ್ನೊಂದರ ಮೇಲೆ ಏರುತ್ತಿರಲಿಲ್ಲ. ಈಗಲೂ ಯಾವುದಾದರೂ ಬಡಗಿಯ ಅಂಗಡಿಯ ಮುಂದೆ ಆ ಎಣ್ಣೆಯ ವಾಸನೆ ಬಂದರೆ ನಾನು ಎರಡು ನಿಮಿಷ ನಿಲ್ಲುತ್ತೇನೆ.

ಒಮ್ಮೆ ಮಾಪುಸಾದ ಶುಕ್ರವಾರದ ಸಂತೆಗೆ ನನ್ನನ್ನೂ ಕರೆದೊಯ್ದರು. ಆಫ್ರಿಕಾದಿಂದ ವಾಪಸಾದ ಗೋವಾದವರು ಆಗ ಮನೆಯ ಹಳೆಯ ಸಾಮಾನು ಮಾರುತ್ತಿದ್ದ ಕಾಲ. ಒಬ್ಬ ಮುದುಕರು ಗ್ರಾಮಫೋನ್, ಪಿಂಗಾಣಿ ತಟ್ಟೆಗಳ ನಡುವೆ ಒಂದು ಸ್ಟಿಕ್ ಇಟ್ಟುಕೊಂಡು ಕೂತಿದ್ದರು. ನಲವತ್ತು ರೂಪಾಯಿ ಅಂದರು. ಮಾಸ್ತರು ಹದಿನೈದು ಅಂದರು. ಮುದುಕರು ಮುಖ ತಿರುಗಿಸಿದರು. ಮಾಸ್ತರು ಕೂತಲ್ಲೇ ಸ್ಟಿಕ್ ಎತ್ತಿ, ಬಾಗಿನ ಮೇಲೆ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಉಗುರಿನಿಂದ ಮರದ ಎಳೆ ಹಿಡಿದು ಬಾಗಿನವರೆಗೂ ಹೋದರು. ಎಳೆ ಬಾಗಿನ ಜೊತೆಗೇ ತಿರುಗಬೇಕು, ಅಡ್ಡ ಕಡಿದಿದ್ದರೆ ಮೊದಲ ಜೋರು ಹೊಡೆತಕ್ಕೇ ಹೋಯಿತು. ಅವರು ನೋಡುವ ರೀತಿ ನೋಡಿ ಮುದುಕರ ಮುಖ ಈ ಕಡೆ ತಿರುಗಿತು. ಆಮೇಲೆ ವ್ಯಾಪಾರ ನಿಂತು ಮಾತು ಶುರುವಾಯಿತು. ನೈರೋಬಿಯ ಮೈದಾನ, ಬೆಳಗಾವಿಯ ಮೈದಾನ. ಕೊನೆಗೆ ಇಪ್ಪತ್ತೈದಕ್ಕೆ ಕುದುರಿತು, ಒಂದು ಷರತ್ತಿನ ಮೇಲೆ: ಸ್ಟಿಕ್ಕನ್ನು ಗೋಡೆಗೆ ನೇತುಹಾಕಬಾರದು; ಮುರಿದ ದಿನ ತುಂಡು ತಂದು ತೋರಿಸಬೇಕು.

ಆ ಸ್ಟಿಕ್ ಬೈನಾದ ಒಬ್ಬ ಹುಡುಗನ ಕೈಗೆ ಹೋಯಿತು. ಅವನ ಹೆಸರು ಬರೆಯುವುದಿಲ್ಲ, ಅವನಿಗೆ ಬೇಡ. ಅಪ್ಪ ಬಂದರಿನಲ್ಲಿ ಅದಿರು ಹೊರುತ್ತಿದ್ದ. ಹುಡುಗ ಮೊದಲು ಬಂದದ್ದು ಚೆಂಡು ಹೆಕ್ಕಿ ಕೊಡುವುದಕ್ಕೆ. ಹೊರಗೆ ಹೋದ ಚೆಂಡನ್ನು ಕಾಲಲ್ಲಿ ತಡೆಯದೆ ಯಾವುದೋ ಕೋಲಿನಿಂದ ತಡೆದು ನಿಲ್ಲಿಸುತ್ತಿದ್ದುದನ್ನು ಮಾಸ್ತರು ನೋಡಿದರು. ಅಷ್ಟೇ. ಮರುದಿನದಿಂದ ಅವನ ಪಾಠ ಬೇರೆ. ಮೈದಾನದ ಅಂಚಿನಲ್ಲಿ ಹಳಿಯ ಜಲ್ಲಿ ಚೆಲ್ಲಿದ್ದ ಜಾಗದಲ್ಲಿ ಅವನನ್ನು ನಿಲ್ಲಿಸಿ ಚೆಂಡು ಹೊಡೆಯುತ್ತಿದ್ದರು. ಚೆಂಡು ಯಾವ ಕಲ್ಲಿಗೆ ತಾಗಿ ಯಾವ ಕಡೆ ಹಾರುತ್ತದೋ ದೇವರಿಗೇ ಗೊತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಹುಡುಗನಿಗೂ ಗೊತ್ತಾಗತೊಡಗಿತು. ಕೊನೆಯ ಗಳಿಗೆಯವರೆಗೂ ಕಾದು, ಚೆಂಡು ಪುಟಿಯುವ ಹೊತ್ತಿಗೆ ಮಣಿಕಟ್ಟು ಸಡಿಲಿಸುವನು. ಚೆಂಡು ಸ್ಟಿಕ್ಕಿಗೆ ಬಂದು ಮಲಗುತ್ತಿತ್ತು. ಎಡಗಡೆಯಿಂದ ನುಗ್ಗುವ ರೈಟ್ ವಿಂಗ್ ಆಟಗಾರನನ್ನು ತನ್ನ ಪಕ್ಕಕ್ಕೇ ಬರಗೊಟ್ಟು, ಸ್ಟಿಕ್ ತಿರುವಿ, ಒಂದೇ ಕೈಯಲ್ಲಿ ಚೆಂಡು ಕಸಿಯುತ್ತಿದ್ದ. ನೌಕಾಪಡೆಯ ಹುಡುಗರ ಜೊತೆ ಆಡಿದ ಪಂದ್ಯವೊಂದರಲ್ಲಿ ಹೀಗೆ ಕಸಿಯುವಾಗಲೇ ನೈರೋಬಿಯ ಸ್ಟಿಕ್ ಹಿಡಿಯ ಹತ್ತಿರ ಮುರಿಯಿತು. ಮಾಸ್ತರು ತುಂಡುಗಳನ್ನು ಪತ್ರಿಕೆಯಲ್ಲಿ ಸುತ್ತಿ ಮಾಪುಸಾಕ್ಕೆ ಹೋದರು. ಮುದುಕರು ಮುರಿತವನ್ನು ತಿರುಗಿಸಿ ನೋಡಿ, "ಲೆಫ್ಟ್ ಹಾಫ್" ಅಂದರಂತೆ. ಇದನ್ನು ಹೇಳುವಾಗ ಮಾಸ್ತರ ಕಣ್ಣು ಹೊಳೆಯುತ್ತಿದ್ದುದು ನನಗೆ ನೆನಪಿದೆ. ಹುಡುಗನ ಆಟಕ್ಕೆ ಸಿಕ್ಕ ಅತಿ ದೊಡ್ಡ ಪ್ರಮಾಣಪತ್ರ ಅದೇ.

ಎಲ್ಲವೂ ಚಂದವಿತ್ತು ಎಂದರೆ ಸುಳ್ಳಾಗುತ್ತದೆ. ಮಾಸ್ತರು ಹೊಡೆಯುತ್ತಿದ್ದರು, ಸ್ಟಿಕ್ಕಿನಲ್ಲೇ ಹೊಡೆಯುತ್ತಿದ್ದರು. ತಲೆಗೆ ಏನೂ ಇಲ್ಲದೆ ಗೋಲಿ ನಿಲ್ಲುತ್ತಿದ್ದ. ಒಬ್ಬನ ಮುಂದಿನ ಹಲ್ಲುಗಳು ಆ ಮೈದಾನದಲ್ಲೇ ಉಳಿದವು. ಓಣಿಯ ಹುಡುಗಿಯರು ಬೇಲಿಯಾಚೆ ನಿಂತು ನೋಡುತ್ತಿದ್ದರು, ಒಳಗೆ ಬರಗೊಡಲಿಲ್ಲ. 1982ರ ದೆಹಲಿ ಏಷ್ಯಾಡ್‌ನಲ್ಲಿ ನಮ್ಮ ಗಂಡಸರು ಪಾಕಿಸ್ತಾನಕ್ಕೆ 1-7ರಿಂದ ಸೋತರು. ಎಲಿಜಾ ನೆಲ್ಸನ್ ನಾಯಕತ್ವದಲ್ಲಿ ಹೆಂಗಸರು ಚಿನ್ನ ಗೆದ್ದರು. ಮಾಸ್ತರು ಆ ವಾರವೆಲ್ಲ ಗಂಡಸರ ಸೋಲನ್ನೇ ಬೈದರು, ಹೆಂಗಸರ ಚಿನ್ನದ ಬಗ್ಗೆ ಒಂದು ಮಾತು ಆಡಲಿಲ್ಲ. ಆ ಬೇಲಿಯಾಚೆ ಎಂಥ ಮಣಿಕಟ್ಟುಗಳು ವ್ಯರ್ಥವಾದವೋ ಯಾರು ಹೇಳಬೇಕು?

ಅಷ್ಟರಲ್ಲಿ ಆಟವೇ ನಮ್ಮ ಕೈ ಬಿಟ್ಟು ಹೋಗಿತ್ತು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಾಗ ನಾವು ಮೈದಾನದ ತುಂಬ ಕುಣಿದಿದ್ದೆವು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿಸಿದರು, ಭಾರತ ಏಳನೆಯದಾಗಿ ಬಂತು. ಟರ್ಫ್ ಎಂದರೇನು ಎಂದು ವಾಸ್ಕೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಓದಿದ್ದು, ಅಷ್ಟೇ.

ಎಂಬತ್ತರ ದಶಕದ ನಡುವೆ ನಮ್ಮ ಲೆಫ್ಟ್ ಹಾಫ್ ಹುಡುಗನಿಗೆ ಒಂದು ಆಯ್ಕೆ ಶಿಬಿರಕ್ಕೆ ಕರೆ ಬಂತು. ದೂರದ ಊರು. ಜೊತೆಗೆ ನಾನು ಹೋಗಿದ್ದೆ. ಟರ್ಫಿನ ಹಸಿರನ್ನು ಅವನು ಮೊದಲು ಕಂಡದ್ದೇ ಆಗ. ನೀರು ಹೊಡೆದು ಒದ್ದೆ ಮಾಡಿದ್ದರು. ಮೊದಲ ಪಾಸ್ ಬಂತು. ಅವನು ತನ್ನ ರೂಢಿಯಂತೆ ಕೊನೆಯ ಗಳಿಗೆಯವರೆಗೂ ಕಾದ, ಮಣಿಕಟ್ಟು ಸಡಿಲಿಸಿದ. ಚೆಂಡು ಪುಟಿಯಲೇ ಇಲ್ಲ. ಗೆರೆ ಎಳೆದಂತೆ ನೇರ ಬಂದು ಸ್ಟಿಕ್ಕಿನ ಅಡಿಯಿಂದ ಹಾದು ಹೋಯಿತು. ಎರಡನೆಯದೂ ಹಾಗೆಯೇ. ಜಲ್ಲಿಯ ಮೇಲೆ ವರ್ಷಗಟ್ಟಲೆ ಕಲಿತ ಕಾಯುವಿಕೆಯೇ ಅವನಿಗೆ ಮುಳುವಾಯಿತು. ಮೂರನೆಯ ದಿನದ ಹೊತ್ತಿಗೆ ಅವನ ಕೈ ಹೊಂದಿಕೊಳ್ಳತೊಡಗಿತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಮೂರನೆಯ ದಿನ ಆಯ್ಕೆದಾರರು ಅವನನ್ನು ನೋಡುತ್ತಿರಲಿಲ್ಲ. ಅರ್ಜಿಯ ಮೇಲಿನ ವಿಳಾಸ ಓದಿ ಒಬ್ಬರು, "ಬೈನಾನಾ?" ಎಂದು ಇನ್ನೊಬ್ಬರ ಮುಖ ನೋಡಿ ನಕ್ಕದ್ದನ್ನೂ ಕಂಡಿದ್ದೇನೆ. ಬೈನಾ ಎಂದರೆ ಆಗ ಊರಿನವರಿಗೆಲ್ಲ ಸೂಳೆಗೇರಿ. ಅಲ್ಲಿ ಅದಿರು ಹೊತ್ತು ಮರ್ಯಾದೆಯಿಂದ ಬದುಕುವವರ ಮನೆಗಳು ಸಾಲುಸಾಲಾಗಿದ್ದವು ಎಂಬುದು ಯಾರಿಗೂ ಬೇಕಿರಲಿಲ್ಲ.

ಮೊಮ್ಮಗನ ಆಟವನ್ನು ಹಳಿಯಲು ನನಗೆ ಮನಸ್ಸಿಲ್ಲ. ನೆಲದ ವಾಸನೆ ಅದಕ್ಕಿಲ್ಲ, ನಿಜ. ಆದರೆ ಹದಿನೇಳರ ಹುಡುಗನ ಅಂಕ ಕಡಿಮೆಯಿದ್ದರೆ, ಇವನು ಇನ್ನೂ ಎಷ್ಟು ಏರಬಲ್ಲ ಎಂದು ಅದು ಲೆಕ್ಕ ಇಟ್ಟುಕೊಂಡಿರುತ್ತದೆ. ವಿಳಾಸ ಕೇಳುವುದಿಲ್ಲ. ಹೊಸ ನೆಲಕ್ಕೆ ಹೊಂದಿಕೊಳ್ಳಲು ಒಂದು ಋತು ಕೊಡುತ್ತದೆ. ಇಲ್ಲದ ಹುಡುಗರಿಗೆ ಅಷ್ಟು ತಾಳ್ಮೆ ತೋರುವ ಲೋಕದಲ್ಲಿ ಇದ್ದ ಹುಡುಗನಿಗೆ ಮೂರು ದಿನ ಸಿಗಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಹುಡುಗ ಅಪ್ಪನ ಜಾಗಕ್ಕೆ ಬಂದರಿಗೆ ಹೋದ. 2004ರ ಜೂನ್‌ನಲ್ಲಿ ಬೈನಾದ ಮನೆಗಳ ಮೇಲೆ ಬುಲ್ಡೋಜರ್ ಹತ್ತಿದಾಗ ಅವನ ಕಪ್ಪು, ಪ್ರಮಾಣಪತ್ರಗಳೆಲ್ಲ ಮಣ್ಣಾದವು. ಮಳೆ ಬೇರೆ. ಝುವಾರಿನಗರಕ್ಕೆ ಹೋಗಿ ನೆಲೆನಿಂತ. ಮಾಸ್ತರು ನಿವೃತ್ತರಾಗಿ ಬೆಳಗಾವಿಗೆ ಮರಳಿದವರು ಅಲ್ಲೇ ತೀರಿಕೊಂಡರು. ಮೀಟರ್‌ಗೇಜ್ ಹೋಗಿ ದೊಡ್ಡ ಹಳಿ ಬಂತು, ನಮ್ಮ ಬಯಲು ಅದರೊಂದಿಗೇ ಹೋಯಿತು.

ಈಗ ಗೋವಾದಲ್ಲೂ ಟರ್ಫ್ ಇದೆ, ಮಾಪುಸಾದ ಪೆಡ್ಡೆಂನಲ್ಲಿ. 2023ರ ರಾಷ್ಟ್ರೀಯ ಕ್ರೀಡಾಕೂಟದ ಹಾಕಿ ಅಲ್ಲೇ ನಡೆಯಿತು. ನಾನೂ ಬೈನಾದ ಆ ಹುಡುಗನೂ ಹೋಗಿದ್ದೆವು. ಅವನು ಪಂದ್ಯವಿಡೀ ಚೆಂಡನ್ನು ನೋಡಲಿಲ್ಲ, ಲೆಫ್ಟ್ ಹಾಫ್ ಎಲ್ಲಿ ನಿಲ್ಲುತ್ತಾನೆ ಎಂಬುದನ್ನೇ ನೋಡಿದ. "ಈ ಹುಡುಗ ಛಲೋ ಅದಾನ, ಆದ್ರ ಎಡಕ್ಕ ಭಾಳ ಜಾಗ ಬಿಡತಾನ" ಎಂದು ಎರಡು ಸಲ ಹೇಳಿದ. ಸ್ವಲ್ಪ ಹೊತ್ತಿಗೆ ಅದೇ ಜಾಗದಿಂದ ಎದುರಾಳಿ ನುಗ್ಗಿದ.

ಝುವಾರಿನಗರದಿಂದ ಪೆಡ್ಡೆಂ ನಲವತ್ತು ಕಿಲೋಮೀಟರಿನ ಆಸುಪಾಸು. ನಡುವೆ ಝುವಾರಿ, ಮಾಂಡವಿ ಎರಡು ನದಿ, ಬಸ್ಸು ಬದಲಿಸುವುದು ಬೇರೆ. ಶಾಲೆ ಬಿಟ್ಟು ಹೊರಟ ಹುಡುಗ ತಲುಪುವಷ್ಟರಲ್ಲಿ ಸಂಜೆ ಮುಗಿದಿರುತ್ತದೆ. ಅದಿರು, ಸಿಮೆಂಟು ಹೊರುವವರ ಮಕ್ಕಳಿಗೆ ದಿನಾ ಆ ಬಸ್ಸಿನ ದುಡ್ಡು ಯಾರು ಕೊಡುತ್ತಾರೆ? ಟರ್ಫ್ ಹಾಸುವವರು ಈ ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ಭಾನುವಾರಕ್ಕಾದರೂ ಓಣಿಯ ಹುಡುಗರಿಗೆ ನೀನೇ ನಾಲ್ಕು ಮಾತು ಕಲಿಸಬಾರದೇಕೆ ಎಂದು. ಅವನು ತಕ್ಷಣ ಉತ್ತರ ಕೊಟ್ಟ, ಎಷ್ಟೋ ದಿನದಿಂದ ಯೋಚಿಸಿಟ್ಟವನ ಹಾಗೆ: "ಕಲಿಸೂದು ಏನ್ ದೊಡ್ಡ ಮಾತಲ್ರಿ. ಮಾಸ್ತರು ನನಗ ಕಲಿಸಿದ್ರು, ಕಲತೆ. ಕಲತಾವನ್ನ ಮುಂದ ಯಾರ್ ನೋಡ್ತಾರ, ಅದನ್ನ ಹೇಳ್ರಿ." ನಾನು ಏನಾದರೂ ಹೇಳುವ ಮೊದಲೇ, ರಾತ್ರಿಪಾಳಿಯ ಕಾವಲಿಗೆ ಹೊತ್ತಾಯಿತೆಂದು ಮುಂದಿನ ಸ್ಟಾಪಿಗೇ ಇಳಿದುಹೋದ.