ಬೀಡಿ ಪುಸ್ತಕದಲ್ಲಿ ಇಲ್ಲದ ಹೆಸರು

ಅಜ್ಜಿಮನೆಯಲ್ಲಿ ಚಿಕ್ಕಮ್ಮನ ವಿಷಯಕ್ಕೆ ಎರಡು ಹೆದರಿಕೆಗಳಿದ್ದವು. ಒಂದು, ಮಳೆಗಾಲದ ಹಾವಸೆಗಟ್ಟಿದ ಅಂಗಳ. ಪೋಲಿಯೊ ತಿಂದ ಕಾಲು ಜಾರಿದರೆ ಎಬ್ಬಿಸಲು ಇಬ್ಬರು ಬೇಕು. ಇನ್ನೊಂದು, ಅವಳ ಅಂಗವಿಕಲರ ಮಾಸಾಶನ ನಿಂತುಹೋದೀತು ಎಂಬುದು.

ಬಂಟ್ವಾಳ ತಾಲೂಕಿನ ಎಷ್ಟೋ ಮನೆಗಳಂತೆ ಅಲ್ಲಿಯೂ ಬೀಡಿಯಿಂದಲೇ ಅನ್ನ. ಗೋಡೆಗೆ ಒರಗಿ, ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಮ್ಮನದು ಐನೂರು ಬೀಡಿ. ಆದರೆ ಕಟ್ಟಿದ್ದರ ಲೆಕ್ಕ ಬರೆಯುವ ಬೀಡಿ ಪುಸ್ತಕವೇ ಅವಳ ಹೆಸರಲ್ಲಿ ಇರಲಿಲ್ಲ. ಕಟ್ಟಿದ್ದೆಲ್ಲ ಅತ್ತೆಯ ಲೆಕ್ಕಕ್ಕೆ. "ಅಂಗವಿಕಲೆ ಅಂತ ದುಡ್ಡು ತಗೊಂಡು ಬೀಡಿ ಕಟ್ಟುತ್ತಾಳೆ ಅಂತ ಯಾರಾದರೂ ಅರ್ಜಿ ಹಾಕಿದರೆ?" ಎಂದು ಅಜ್ಜ ಹಿಂದೆಯೇ ಮಾಡಿಟ್ಟ ಏರ್ಪಾಡು ಅದು.

2021ರ ಜುಲೈಯಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ, ಶೇ 40ರಿಂದ 75ರವರೆಗಿನ ವೈಕಲ್ಯವುಳ್ಳವರ ಮಾಸಾಶನವನ್ನು 600ರಿಂದ 800ಕ್ಕೆ ಏರಿಸುವ ಘೋಷಣೆ ಬಂತು. ನಮ್ಮವರಿಗೆ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ಹಣ ಏರಿಸಿದವರು ಬಂದು ನೋಡದೆ ಬಿಟ್ಟಾರೆಯೇ? ಮರುವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಗ್ರಾಮಕರಣಿಕರು ಬಂದೇಬಿಟ್ಟರು.

ದಣಪೆಯ ಬಳಿ ಕೊಡೆ ಕಂಡದ್ದೇ ತಡ, ಅತ್ತೆ ಗೆರಸೆಯನ್ನು ಮಂಚದಡಿಗೆ ನೂಕಿದರು. ಮಕ್ಕಳು ಎಲೆಯ ಕಟ್ಟನ್ನು ಬಚ್ಚಲಿಗೆ ಹೊತ್ತರು. ಚಿಕ್ಕಮ್ಮನಿಗೆ ಕಂಬಳಿ ಹೊದೆಸಿ ಕಾಯಿಲೆಯವಳಂತೆ ಮಲಗಿಸಿದ್ದಾಯಿತು. ಹೊಗೆಸೊಪ್ಪಿನ ಘಾಟನ್ನು ಮಾತ್ರ ಎಲ್ಲಿ ಅಡಗಿಸುವುದು? ಕರಣಿಕರು ಒಳಗೆ ಕಾಲಿಟ್ಟವರೇ ಸೀನಿದರು. ಮತ್ತೆ ಸೀನಿದರು. ಕಂಬಳಿಯೊಳಗಿಂದ ಕಿಸಕ್ಕನೆ ನಗು ಕೇಳಿಸಿತು.

"ದಿನಕ್ಕೆ ಎಷ್ಟು ಕಟ್ಟುತ್ತೀರಿ ಅಕ್ಕ?"

"ನಾನು ಕಟ್ಟುವುದಿಲ್ಲ ಸರ್. ಅತ್ತಿಗೆ ಕಟ್ಟುವುದು."

"ನಿಮ್ಮ ಬೆರಳ ತುದಿ ಬೇರೆ ಹೇಳುತ್ತದಲ್ಲ!"

ಮತ್ತೆ ಯಾರಿಗೂ ಮಾತು ಹೊರಡಲಿಲ್ಲ. ಅವರೇ ಬೆಂಚಿನ ಮೇಲೆ ಕೂತು, ಚಾ ಕುಡಿಯುತ್ತ ವಿವರಿಸಿದರು. ಅಂಗವಿಕಲರು ದುಡಿಯಬಾರದೆಂದು ಮಾಸಾಶನದ ನಿಯಮದಲ್ಲಿ ಎಲ್ಲೂ ಇಲ್ಲ. ವೈಕಲ್ಯ ಕನಿಷ್ಠ ಶೇ 40 ಇರಬೇಕು, ವರ್ಷದ ಆದಾಯ 32,000 ರೂಪಾಯಿ ದಾಟಬಾರದು. "ನಾವು ನೋಡುವುದು ಆದಾಯವನ್ನು. ಕೈ ಆಡುತ್ತದೋ ಇಲ್ಲವೋ ಅಂತಲ್ಲ" ಎಂದರು. ಏಳುವಾಗ ಕೇಳಿದರು, "ಪಿಎಫ್ ಯಾರ ಹೆಸರಲ್ಲಿದೆ?"

ಅಜ್ಜನ ಏರ್ಪಾಡಿಗೆ ತೆತ್ತ ಬೆಲೆ ಮನೆಯವರಿಗೆ ತಿಳಿದದ್ದು ಆಗ. ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕಾರ್ಮಿಕರೆಂದೇ ಎಣಿಸಿತ್ತು. ಬೀಡಿ ಕೆಲಸಕ್ಕೆ 1977ರಿಂದ ಪಿಎಫ್ ಇದೆ. ಹತ್ತು ವರ್ಷದ ಸೇವೆ ತುಂಬಿದವರಿಗೆ 58ರ ನಂತರ ತಿಂಗಳ ಪಿಂಚಣಿ. ಅದು 1,000 ರೂಪಾಯಿಗೆ ಕಡಿಮೆಯಾಗದಂತೆ 2014ರಲ್ಲಿ ಗೊತ್ತುಮಾಡಲಾಗಿದೆ. ಚಿಕ್ಕಮ್ಮನ ಬೆರಳು ಸವೆದ ವರ್ಷಗಳೆಲ್ಲ ಅತ್ತೆಯ ಸೇವೆಯಾಗಿ ದಾಖಲಾಗಿದ್ದವು.

ಅತ್ತೆ ಆಸೆಬುರುಕಿಯಲ್ಲ. ಈಗ ಪಿಂಚಣಿ ಬಂದ ದಿನವೇ ಅರ್ಧವನ್ನು ಚಿಕ್ಕಮ್ಮನ ಕೈಗಿಡುತ್ತಾರೆ. ಆದರೆ ಅದು ಅತ್ತೆಯ ಒಳ್ಳೆಯತನ, ಚಿಕ್ಕಮ್ಮನ ಹಕ್ಕಲ್ಲ. ಅತ್ತೆಯ ಕಾಲಾನಂತರ ಆ ಪಿಂಚಣಿ ಮಾವನಿಗೆ ಹೋಗುತ್ತದೆ; ನಾದಿನಿಗೆ ಅದರಲ್ಲಿ ಪಾಲಿಲ್ಲ.

ಅಜ್ಜನ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. 32,000 ಅಂದರೆ ತಿಂಗಳಿಗೆ 2,700 ಕೂಡ ಆಗುವುದಿಲ್ಲ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು; ನೂರು ದಿನ ದುಡಿದರೆ 37,000 ಆಗುತ್ತಿತ್ತು. ಸರ್ಕಾರವೇ ಖಾತ್ರಿ ಕೊಟ್ಟ ಕೂಲಿ ಮಾಸಾಶನದ ಮಿತಿಯನ್ನು ಮೀರುತ್ತಿತ್ತು. ಈ ಮಿತಿ ಏರಲೇಬೇಕು. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿಯೂ ಚಿಕ್ಕಮ್ಮನಂಥವರಿದ್ದರೆ, ಹೆದರಿ ಅವರ ದುಡಿಮೆಯನ್ನು ಇನ್ನೊಬ್ಬರ ಹೆಸರಿಗೆ ಬರೆಸುವ ಮೊದಲು ನಾಡಕಚೇರಿಗೆ ಹೋಗಿ ನಿಯಮವೇನೆಂದು ಕೇಳಿಕೊಂಡು ಬನ್ನಿ.